ಎರಡು ಬೋರ್ಡುಗಳ ಬೀಗತನ

ಮದುವೆಯಲ್ಲಿ ನನಗೆ ಒಬ್ಬ ಗಂಡ, ಒಬ್ಬ ಅತ್ತೆ, ಸಮುದ್ರದಾಚೆಯ ಎರಡು ಬೋರ್ಡುಗಳು ಸಿಕ್ಕಿದವು. ಗಂಡ ಸಾಧು. ಅತ್ತೆ ಜೋರು. ಬೋರ್ಡುಗಳ ಸ್ವಭಾವ ಮಾತ್ರ ನನಗೆ ಕೊನೆಯವರೆಗೂ ಪೂರ್ತಿ ತಿಳಿಯಲಿಲ್ಲ, ಏಕೆಂದರೆ ಅವುಗಳ ಮುಖವನ್ನು ನಮ್ಮ ಕಡೆಯವರು ಯಾರೂ ನೋಡಿರಲಿಲ್ಲ.

ಬೋರ್ಡು ಎಂದರೆ ಏನೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮದು ಲೂಥರನ್ ಮಿಷನ್. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮತ್ತು ನಡುವಿನ ಕೆಲವು ಹಳ್ಳಿಗಳು ಅದಕ್ಕೆ ಸೇರಿದ್ದವು. ಮೊದಲು ಬಂದ ಪಾದ್ರಿಗಳು ಜರ್ಮನಿಯವರು. ಯುದ್ಧ ಶುರುವಾದ ಕೂಡಲೇ ಸರ್ಕಾರ ಅವರನ್ನು ಶತ್ರುಗಳೆಂದು ಹಿಡಿದುಕೊಂಡು ಹೋಗಿ ಎಲ್ಲೋ ದೂರದ ಕ್ಯಾಂಪಿನ ತಂತಿಬೇಲಿಯೊಳಗೆ ಕೂಡಿಸಿತು. ಅವರು ಬಿಟ್ಟುಹೋದ ಸಭೆ, ಶಾಲೆ, ದವಾಖಾನೆ, ಒಂದು ಹಾರ್ಮೋನಿಯಂ, ಒಂದು ಬಿಳಿ ಕುದುರೆ ಎಲ್ಲವೂ ಅನಾಥವಾದವು. ಆಗ ಅಮೆರಿಕದ ಲೂಥರನ್ನರು ನಮ್ಮನ್ನು ದತ್ತು ತೆಗೆದುಕೊಂಡರು. ಒಬ್ಬರೇ ತೆಗೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಿಷನ್ನಿಗೆ ದುಡ್ಡು ಕಳಿಸಿ ಆಡಳಿತ ನೋಡುವ ಮಂಡಳಿಗೆ ಅಲ್ಲಿ ಬೋರ್ಡು ಎಂದು ಹೆಸರು, ಗಂಡಸರ ಬೋರ್ಡು ಬೇರೆ, ಹೆಂಗಸರ ಬೋರ್ಡು ಬೇರೆ. ದೇವಾಲಯ, ಎಂದರೆ ನಮ್ಮ ಚರ್ಚು, ಮತ್ತು ಹಳ್ಳಿಗಳ ಉಪದೇಶದ ಕೆಲಸ ಗಂಡಸರ ಬೋರ್ಡಿಗೆ ಹೋಯಿತು, ಹೆಣ್ಣುಮಕ್ಕಳ ಶಾಲೆ ಮತ್ತು ದವಾಖಾನೆ ಹೆಂಗಸರ ಬೋರ್ಡಿಗೆ. ಕುದುರೆ ಯಾರ ಪಾಲಿಗೆ ಎಂದು ಇಲ್ಲಿಂದ ಕಾಗದ ಹೋಗಿ ಅಲ್ಲಿಂದ ಕಾಗದ ಬರುವುದರೊಳಗೆ ಅದು ಮುದಿಯಾಗಿ ಸತ್ತೇಹೋಯಿತು.

ಗಂಡಸರ ಬೋರ್ಡಿನ ಪರವಾಗಿ ಬಳ್ಳಾರಿಯಲ್ಲಿ ಅಮೆರಿಕದ ಪಾದ್ರಿಯೊಬ್ಬರು, ಜನರ ಬಾಯಲ್ಲಿ ದೊರೆ, ಇದ್ದರು. ಹೆಂಗಸರ ಬೋರ್ಡಿನ ಪರವಾಗಿ ಸಿರುಗುಪ್ಪದಲ್ಲಿ ಒಬ್ಬ ದೊರೆಸಾನಿ ಇದ್ದರು. ಇಬ್ಬರೂ ಮದುವೆಯಾಗದವರು, ಒಬ್ಬರಿಗೊಬ್ಬರು ಸಂಬಂಧವಿಲ್ಲದವರು. ಸಿರುಗುಪ್ಪದ ಸಂತೆಯ ಜನ ಮಾತ್ರ ಅವರನ್ನು ಜಗಳವಾಡಿ ಬೇರೆಯಾದ ಗಂಡಹೆಂಡತಿ ಎಂದೇ ತಿಳಿದು ಮರುಗುತ್ತಿದ್ದರು. ಜಗಳವೇನೋ ನಿಜವೇ ಇತ್ತು, ಅದು ಬಾವಿಯ ವಿಷಯದ್ದು. ಸಿರುಗುಪ್ಪದ ಮಿಷನ್ ಜಾಗವನ್ನು ಪಾಲು ಮಾಡಿ ನಡುವೆ ಗೋಡೆ ಕಟ್ಟಿದಾಗ ಬಾವಿ ಗಂಡಸರ ಬೋರ್ಡಿನ ಕಡೆ ಉಳಿದಿತ್ತು, ಹಗ್ಗ ಮತ್ತು ಕೊಡಗಳು ಹೆಂಗಸರ ಬೋರ್ಡಿನ ಕಡೆ.

ನಾನು ಆ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು, ಎಂದರೆ ಹೆಂಗಸರ ಬೋರ್ಡಿನವಳು. ನನ್ನ ಗಂಡ ಕುರುಗೋಡಿನಲ್ಲಿ ಉಪದೇಶಿ. ಪಾದ್ರಿ ಇಲ್ಲದ ಊರಲ್ಲಿ ಭಾನುವಾರ ಸಂಜೆಯ ಪ್ರಾರ್ಥನೆ ನಡೆಸುವುದು, ಜ್ವರ ಬಂದವರ ಮಂಚದ ಹತ್ತಿರ ಕೂರುವುದು, ಅಣ್ಣತಮ್ಮಂದಿರ ವ್ಯಾಜ್ಯ ತೀರಿಸುವುದು ಅವರ ಕೆಲಸ. ಅವರು ಗಂಡಸರ ಬೋರ್ಡಿನವರು. ಬಳ್ಳಾರಿಯ ದೇವಾಲಯದಲ್ಲಿ ನಮ್ಮ ಮದುವೆ ಮಾಡಿಸಿದ ಅಯ್ಯನವರು, ಎಂದರೆ ನಮ್ಮವರೇ ಆದ ಪಾದ್ರಿಗಳು, ದೇವರು ಕೂಡಿಸಿದ ಮೇಲೆ ಅಗಲಿಸುವ ಹಕ್ಕು ಯಾವ ಮನುಷ್ಯನಿಗೂ ಇಲ್ಲ ಎಂದು ಗಟ್ಟಿಯಾಗಿ ಹೇಳಿದರು. ಬೋರ್ಡುಗಳ ವಿಷಯ ಹೇಳಲಿಲ್ಲ. ಸೋಮವಾರ ನಾನು ಸಿರುಗುಪ್ಪದ ಬಸ್ಸು ಹತ್ತಿದೆ, ಅವರು ಕುರುಗೋಡಿಗೆ ಸೈಕಲ್ ಹತ್ತಿದರು.

ನಮ್ಮಿಬ್ಬರನ್ನು ಒಂದೇ ಊರಲ್ಲಿ ಇಡಲು ಯಾರಿಗೂ ಅಡ್ಡಿ ಇರಲಿಲ್ಲ. ಅದೇ ನನಗೆ ಸಿಟ್ಟು ಬರುತ್ತಿದ್ದ ವಿಷಯ. ದೊರೆಯನ್ನು ಕೇಳಿದರೆ, ಹೆಂಗಸರ ಬೋರ್ಡು ಮನೆಗೆ ಜಾಗ ಕೊಡುತ್ತೇನೆಂದರೆ ಉಪದೇಶಿಯನ್ನು ಈಗಲೇ ಸಿರುಗುಪ್ಪಕ್ಕೆ ಕಳಿಸುತ್ತೇನೆ ಅನ್ನುತ್ತಿದ್ದರು. ದೊರೆಸಾನಿಯನ್ನು ಕೇಳಿದರೆ, ಗಂಡಸರ ಬೋರ್ಡು ಉಪದೇಶಿಯನ್ನು ಕಳಿಸಿದರೆ ಜಾಗ ಈಗಲೇ ಕೊಡುತ್ತೇನೆ ಅನ್ನುತ್ತಿದ್ದರು. ಮೊದಲು ಬಾಯಿ ಬಿಡಬೇಕಾದವರು ಆ ಕಡೆಯವರು ಎಂದು ಇಬ್ಬರ ನಂಬಿಕೆ. ಅರ್ಜಿಗಳನ್ನು ಬರೆದೆ. ನನ್ನ ಅಕ್ಷರ ಮುತ್ತಿನಂತಿದೆ ಎಂದು ದೊರೆಸಾನಿ ಹೊಗಳಿದರು. ಅರ್ಜಿಗಳು ಹಡಗಿನಲ್ಲಿ ಹೋಗಿ, ಒಂದು ಬೋರ್ಡಿನಿಂದ ಇನ್ನೊಂದು ಬೋರ್ಡಿಗೆ ದಾಟಿ, ಸ್ಥಳೀಯರ ಅಭಿಪ್ರಾಯ ತಿಳಿಸಿ ಎಂಬ ಮಾತು ಹೊತ್ತು ಮತ್ತೆ ಹಡಗಿನಲ್ಲಿ ಬರುತ್ತಿದ್ದವು. ಸ್ಥಳೀಯರು ಎಂದರೆ ಈ ಇಬ್ಬರೇ.

ಶನಿವಾರ ನಮ್ಮವರು ಶಾಲೆಯ ಕಾಂಪೌಂಡಿನಲ್ಲಿದ್ದ ನನ್ನ ಕೋಣೆಗೆ ಸೈಕಲ್ ಮೇಲೆ ಬರುತ್ತಿದ್ದರು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ತಲುಪುವರು. ಮಳೆ ಬಿದ್ದರೆ ನಮ್ಮ ಎರೆಮಣ್ಣು ಚಕ್ರ ಕಚ್ಚಿಕೊಂಡು ಬಿಡುವುದಿಲ್ಲ. ಆಗ ಅರ್ಧ ದಾರಿ ಅವರು ಸೈಕಲ್ ಮೇಲೆ, ಇನ್ನರ್ಧ ದಾರಿ ಸೈಕಲ್ ಅವರ ಮೇಲೆ. ಅಂಥ ದಿನ ಬಂದು ಮೈ ತೊಳೆದು, ರೊಟ್ಟಿಗೆ ಕೂರುವುದರಲ್ಲಿ ದೀಪ ಹಚ್ಚುವ ಹೊತ್ತಾಗುತ್ತಿತ್ತು. ಆಗ ಕಾವಲುಗಾರ ಗಂಟೆ ಬಾರಿಸುವನು. ಆ ಗಂಟೆಯಾದ ಮೇಲೆ ಹೆಂಗಸರ ಬೋರ್ಡಿನ ಕಾಂಪೌಂಡಿನಲ್ಲಿ ಗಂಡಸು ಇರಕೂಡದು. ಶಾಲೆಯಲ್ಲೇ ಉಳಿದು ಓದುವ ಬೋರ್ಡಿಂಗಿನ ಹುಡುಗಿಯರ ಸಲುವಾಗಿ ಮಾಡಿದ ನಿಯಮ ಅದು, ಸರಿಯಾದದ್ದೇ. ಟೀಚರಿಗೆ ಗಂಡನೂ ಇರಬಹುದು ಎಂದು ಮಾಡಿದವರಿಗೆ ಹೊಳೆದಿರಲಿಲ್ಲ, ಅಷ್ಟೇ. ನಮ್ಮವರು ತಮ್ಮ ಕರಿ ಟೋಪಿಯನ್ನು ನನ್ನ ಕೋಣೆಯಲ್ಲಿ ಎಲ್ಲೂ ಇಡುತ್ತಿರಲಿಲ್ಲ, ಊಟ ಮಾಡುವಾಗಲೂ ಮೊಣಕಾಲ ಮೇಲೆ ಇಟ್ಟುಕೊಂಡಿರುತ್ತಿದ್ದರು. ಗಂಟೆ ಕೇಳಿದ ಕೂಡಲೇ ಅದನ್ನು ತಲೆಗೆ ಹಾಕಿಕೊಂಡು ಎದ್ದು ಗೋಡೆಯಾಚೆ ಹೋಗಿ ದೇವಾಲಯದ ಜಗಲಿಯಲ್ಲಿ ಮಲಗುವರು. ದೊಡ್ಡ ಆಸೆಗಳೇನೂ ನನಗಿರಲಿಲ್ಲ. ಆ ಗಂಟೆ ಬಾರಿಸಿದ ಮೇಲೂ ನನ್ನ ಗಂಡ ನನ್ನ ಎದುರಿಗೆ ಕೂತಿರಬೇಕು, ಅಷ್ಟೇ ನನ್ನ ಆಸೆ.

ಅತ್ತೆ ರೂಪನಗುಡಿಯಲ್ಲಿದ್ದರು. ಮಗನ ಸಂಸಾರ ನೋಡಬೇಕೆಂದು ಒಂದು ಶನಿವಾರ ಬುತ್ತಿ ಕಟ್ಟಿಕೊಂಡು ಸಿರುಗುಪ್ಪಕ್ಕೆ ಬಂದರು. ರೊಟ್ಟಿ ಬಡಿಸಿದ್ದೆ. ಎರಡು ತುತ್ತು ತಿಂದಿರಬೇಕು, ಗಂಟೆಯಾಯಿತು. ನಮ್ಮವರು ಟೋಪಿ ಹಾಕಿಕೊಂಡರು.

"ಎಲ್ಲಿಗೆ ಹೊಂಟಿ ಲೇ?" ಅತ್ತೆ ಕೇಳಿದರು.

"ಗಂಟಿ ಆತವ್ವ."

"ಗಂಟಿ ಆದ್ರ ದನ ಮನಿಗೆ ಬರ್ತಾವ. ನೀ ಮನಿ ಬಿಟ್ಟು ಹೊಂಟೀಯಲ್ಲ."

ಅಷ್ಟರಲ್ಲಿ ಕಾವಲುಗಾರ ಕಂದೀಲು ಹಿಡಿದು ಬಾಗಿಲಿಗೆ ಬಂದ. ಅವನಿಗೆ ನಮ್ಮ ಮೇಲೆ ದ್ವೇಷವೇನೂ ಇರಲಿಲ್ಲ, ಆದರೆ ನಿಯಮದ ಮೇಲೆ ಹೆಚ್ಚು ಪ್ರೀತಿ. "ಕಾನೂನು ಐತ್ರಿ ಅಮ್ಮಾ. ಗಂಟಿ ಆದಮ್ಯಾಲ ಕಾಂಪೌಂಡಿನಾಗ ಗಂಡಸು ಇರೋಹಂಗಿಲ್ಲ" ಎಂದ.

"ಮತ್ತ ನೀ ಏನು?"

"ನಾನು ಕಾವಲುಗಾರ್ರಿ."

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. ಮಗ ಹೋದ ಮೇಲೆ ನನ್ನನ್ನು ಕೂರಿಸಿಕೊಂಡು ಎಲ್ಲ ಕೇಳಿದರು. ನಾನು ಟೀಚರು, ತಿಳಿಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಠೇಂಕಾರ. ಎರಡು ಬೋರ್ಡು, ಒಂದು ಗೋಡೆ, ಒಂದು ಬಾವಿ ಎಲ್ಲವನ್ನೂ ವಿವರಿಸಿದೆ.

"ಅಂದ್ರ ಅವರು ಬೀಗರು" ಅಂದರು ಅತ್ತೆ.

"ಬೀಗರಲ್ಲ ಅತ್ತಿ, ಬೋರ್ಡು."

"ನನ್ನ ಮಗನ್ನ ಸಾಕೋರು ಒಬ್ಬರು, ನಿನ್ನ ಸಾಕೋರು ಒಬ್ಬರು. ಮದಿವಿ ಆದಮ್ಯಾಲ ಇಬ್ಬರೂ ಮಾರಿ ತಿರುವಿಗೊಂಡು ಕುಂತಾರ. ಬೀಗರಲ್ಲದ ಮತ್ತ್ಯಾರು? ಬೀಗರಿಗೆ ಯಾರರ ಅರ್ಜಿ ಬರೀತಾರೇನು? ಉಣ್ಣಾಕ ಕರೀತಾರ."

ನಮ್ಮ ಹಳ್ಳಿಗಳ ಪದ್ಧತಿ ಗೊತ್ತಿಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೀಗರು ಮುನಿಸಿಕೊಂಡರೆ ಹಿರಿಯರು ಇಬ್ಬರನ್ನೂ ಎದುರುಬದುರು ಕೂರಿಸಿ ಊಟ ಹಾಕಿಸುತ್ತಾರೆ. ಉಂಡ ಮೇಲೆ ಒಪ್ಪಂದದ ಮಾತನ್ನು ನಾಲ್ಕು ಜನರಿಗೆ ಕೇಳುವಂತೆ ಹೇಳಿ, ಎಲೆಅಡಿಕೆ ತೆಂಗಿನಕಾಯಿಯ ತಟ್ಟೆಯನ್ನು ಇಬ್ಬರ ಕೈಗೂ ಕೊಡುತ್ತಾರೆ. ತಟ್ಟೆ ಬದಲಾಯಿತೋ ಮಾತು ಮುಗಿಯಿತು. ಆಮೇಲೆ ಹಿಂದೆ ಸರಿದವನ ಮಾತಿಗೆ ಊರಲ್ಲಿ ಬೆಲೆ ಇಲ್ಲ. ಮಿಷನ್ನಿನವರು ನಮ್ಮ ಹಿರಿಯರಿಂದ ಕುಂಕುಮ ಬಿಡಿಸಿದ್ದರು, ಜಾತ್ರೆ ಬಿಡಿಸಿದ್ದರು, ಎಲೆಅಡಿಕೆ ಬಿಡಿಸಲು ಮಾತ್ರ ಆಗಿರಲಿಲ್ಲ. ನಾನು ಅತ್ತೆಯ ಮಾತು ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಮರುದಿನ ಇನ್ನೊಂದು ಅರ್ಜಿ ಬರೆದೆ.

ಸುಗ್ಗಿಯಾದ ಮೇಲೆ ಬಳ್ಳಾರಿಯಲ್ಲಿ ಮಿಷನ್ನಿನ ವಾರ್ಷಿಕ ಸಭೆ ಸೇರುವುದು ವಾಡಿಕೆ. ದೇವಾಲಯದ ಅಂಗಳದಲ್ಲಿ ಚಪ್ಪರ ಹಾಕುತ್ತಿದ್ದರು. ಹಳ್ಳಿಹಳ್ಳಿಯಿಂದ ಬಂಡಿಗಳು ಬರುತ್ತಿದ್ದವು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತು ವರದಿಗಳನ್ನು ಕೇಳಬೇಕು. ಆ ವರ್ಷ ಬೆಳಿಗ್ಗೆಯೆಲ್ಲ ಬಾವಿಯ ಮಾತೇ. ದೊರೆ ಎತ್ತರದ ತೆಳ್ಳನೆಯ ಮನುಷ್ಯ, ಎಂದೂ ದನಿ ಏರಿಸದವರು. ಕನ್ನಡವನ್ನು ಬೈಬಲಿನಿಂದ ಕಲಿತದ್ದರಿಂದ ಅವರು ನೀರು ಕೇಳಿದರೂ ಪ್ರವಾದಿ ಮಾತಾಡಿದಂತಿರುತ್ತಿತ್ತು. ದೊರೆಸಾನಿ ಗಿಡ್ಡ, ಗಟ್ಟಿ. ಅವರಿಗೆ ಕನ್ನಡಕ್ಕಿಂತ ತೆಲುಗು ಚೆನ್ನಾಗಿ ಬರುತ್ತಿತ್ತು, ನಮ್ಮ ಜನರೊಂದಿಗೆ ಇಂಗ್ಲಿಷ್ ಆಡುತ್ತಿರಲಿಲ್ಲ. ದೊರೆ ಬಾವಿಯ ಬಗ್ಗೆ ವರದಿ ಓದಿದರು. ದೊರೆಸಾನಿ ಹಗ್ಗದ ಬಗ್ಗೆ ಓದಿದರು. ನಮ್ಮ ಹೆಸರು ಯಾವುದರಲ್ಲೂ ಬರಲಿಲ್ಲ.

ಅಡುಗೆಯ ಉಸ್ತುವಾರಿ ಆ ವರ್ಷ ಅತ್ತೆ ವಹಿಸಿಕೊಂಡಿದ್ದರು. ಯಾರೂ ವಹಿಸಿರಲಿಲ್ಲ, ತಾವೇ ಹಿಂದಿನ ದಿನ ಬಂದು ಸೌಟು ಕೈಗೆ ತೆಗೆದುಕೊಂಡಿದ್ದರು. ಹೋಳಿಗೆ, ಬದನೆಕಾಯಿ ಪಲ್ಯ, ಸಿರುಗುಪ್ಪದ ಅಕ್ಕಿಯ ಅನ್ನ. ಊಟಕ್ಕೆ ದೊರೆಗೂ ದೊರೆಸಾನಿಗೂ ಬಂಗಲೆಯಲ್ಲಿ ಮೇಜು ಹಾಕುವುದು ರೂಢಿ. ಅತ್ತೆ ಮೇಜು ಹಾಕಿಸಲಿಲ್ಲ. ಚಪ್ಪರದ ನಡುವೆ ಎರಡು ಚಾಪೆ ಎದುರುಬದುರು ಹಾಸಿ, ಒಂದರ ಮೇಲೆ ದೊರೆಯನ್ನು, ಇನ್ನೊಂದರ ಮೇಲೆ ದೊರೆಸಾನಿಯನ್ನು ಕೂರಿಸಿದರು. ದೊರೆಯ ಕಾಲುಗಳು ಮಡಿಸಲು ಬಾರದೆ ದೊರೆಸಾನಿಯ ಎಲೆಯ ಹತ್ತಿರದವರೆಗೂ ಬಂದವು. ಮೊದಲ ಹೋಳಿಗೆ ಯಾರಿಗೆ ಬಡಿಸಿದರು ಎಂಬ ತಕರಾರು ಬರಬಾರದೆಂದು ಅತ್ತೆ ಎರಡು ಕೈಯಲ್ಲಿ ಎರಡು ಹೋಳಿಗೆ ಹಿಡಿದು ಒಟ್ಟಿಗೆ ಹಾಕಿದರು.

ಊಟವಾದ ಮೇಲೆ ಕುರುಗೋಡಿನ ಹಿರಿಯರು, ಸಿರುಗುಪ್ಪದ ಹಿರಿಯರು ಸುತ್ತ ಬಂದು ನಿಂತರು. ಅತ್ತೆ ಎಲೆಅಡಿಕೆಯ ಎರಡು ತಟ್ಟೆ ತಂದು ಇಬ್ಬರ ಕೈಗೂ ಕೊಟ್ಟರು. ನನಗೆ ಆಗ ಅವರ ಯೋಚನೆ ಹೊಳೆಯಿತು.

"ಗಂಡಿನ ಕಡೇರು ಹುಡುಗನ್ನ ಸಿರುಗುಪ್ಪಿಗೆ ಕಳಸ್ತಾರ. ಹೆಣ್ಣಿನ ಕಡೇರು ಮನಿಗೆ ಜಾಗ ಕೊಡ್ತಾರ. ಒಪ್ಪಿಗಿ ಇದ್ರ ತಟ್ಟಿ ಬದಲಿಸ್ರಿ" ಎಂದು ಅತ್ತೆ ಚಪ್ಪರದ ಕೊನೆಯವರೆಗೂ ಕೇಳುವಂತೆ ಹೇಳಿದರು.

ಆ ಮಾತಿನ ವೇಗಕ್ಕೆ ದೊರೆಯ ಕನ್ನಡವೂ ನಿಲ್ಲಲಿಲ್ಲ, ದೊರೆಸಾನಿಯ ಕನ್ನಡವೂ ನಿಲ್ಲಲಿಲ್ಲ. ಇಬ್ಬರೂ ಅಯ್ಯನವರ ಮುಖ ನೋಡಿದರು. ನಮ್ಮ ಮದುವೆ ಮಾಡಿಸಿದ ಅಯ್ಯನವರು ಗಂಟಲು ಸರಿಮಾಡಿಕೊಂಡು, ಎರಡು ಮನೆಗಳ ನಡುವೆ ಸಮಾಧಾನ ಮಾಡಿಸುವ ಪದ್ಧತಿ ಇದು, ತಟ್ಟೆ ಬದಲಿಸಿಕೊಂಡರೆ ಜನಕ್ಕೆ ಸಂತೋಷವಾಗುತ್ತದೆ ಎಂದು ಒಬ್ಬರಿಗೆ ಇಂಗ್ಲಿಷಿನಲ್ಲೂ ಇನ್ನೊಬ್ಬರಿಗೆ ತೆಲುಗಿನಲ್ಲೂ ಹೇಳಿದರು. ಆಮೇಲೆ ನಾನು ಕೇಳಿದಾಗ, "ಸುಳ್ಳು ಏನೂ ಹೇಳಿಲ್ಲಮ್ಮ. ಎಲ್ಲಾ ಹೇಳಿಲ್ಲ, ಅಷ್ಟ" ಅಂದರು. ಬಾವಿಯ ಜಗಳದಿಂದ ದೊರೆಗೂ ಸಾಕಾಗಿತ್ತು. ಊರ ಪದ್ಧತಿಯನ್ನು ಗೌರವಿಸುವವರೆಂಬ ಹೆಮ್ಮೆಯೂ ಅವರಿಗಿತ್ತು. ಎದ್ದು ನಿಂತು ಎರಡೂ ಕೈಯಿಂದ ತಟ್ಟೆ ಕೊಟ್ಟರು. ದೊರೆಸಾನಿ ತಮ್ಮದನ್ನು ಕೊಟ್ಟರು. ಹಿರಿಯರು ತಲೆಯಾಡಿಸಿದರು. ಹೆಂಗಸರು ಸೋಬಾನೆ ಶುರುಮಾಡಿಬಿಟ್ಟರು.

ಸೋಬಾನೆ ಕೇಳಿ ಬೇಲಿಯಾಚೆ ನಿಂತಿದ್ದ ಕೌಲ್ ಬಜಾರಿನ ಜನ ತಮ್ಮದೇ ಅರ್ಥ ಮಾಡಿಕೊಂಡರು. ಬಿಳಿಯ ಗಂಡು, ಬಿಳಿಯ ಹೆಣ್ಣು, ನಡುವೆ ತಟ್ಟೆ. ಕೊನೆಗೂ ದೊರೆ ದೊರೆಸಾನಿ ಕೂಡಿದರು ಎಂದು ಸುದ್ದಿ ಹಬ್ಬಿತು. ಸಂಜೆಯ ಹೊತ್ತಿಗೆ ಒಬ್ಬ ಅಂಗಡಿಯವನು ಬಂಗಲೆಗೆ ಸಕ್ಕರೆ ಕಳಿಸಿದ. ಮರುದಿನ ಒಬ್ಬ ದರ್ಜಿ ಟೇಪು ಹಿಡಿದು ಬಂದ. ದೇವಾಲಯದ ನಿಲುವಂಗಿಗೆ ಇರಬೇಕೆಂದು ದೊರೆ ಸುಮ್ಮನೆ ಕೈ ಚಾಚಿ ನಿಂತು ಅಳತೆ ಕೊಟ್ಟರಂತೆ.

ಮುಂದಿನ ವಾರ ಬಾವಿಯ ಗಡಿ ಅಳೆಯಲು ದೊರೆ ಅಯ್ಯನವರನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಬಂದರು. ದೊರೆಸಾನಿಯೂ ಗೋಡೆಯ ಹತ್ತಿರ ನಿಂತಿದ್ದರು. ನಾನು ತರಗತಿಯ ಕಿಟಕಿಯಿಂದ ನೋಡುತ್ತಿದ್ದೆ. ಆಗ ರಸ್ತೆಯಲ್ಲಿ ಒಂದು ಬಂಡಿ ಬಂತು. ಕುರುಗೋಡಿನ ಹಿರಿಯರು, ಅವರ ಹಿಂದೆ ನನ್ನ ಗಂಡನ ಟ್ರಂಕು, ಹಾಸಿಗೆ, ಕಂದೀಲು, ಸಭೆಯವರು ಬೀಳ್ಕೊಡುಗೆಗೆ ಕೊಟ್ಟ ಒಂದು ಕೋಳಿ. ಎಲ್ಲದರ ಹಿಂದೆ, ಟೋಪಿ ಕೈಯಲ್ಲಿ ಹಿಡಿದುಕೊಂಡು, ತಪ್ಪು ಮಾಡಿದವರಂತೆ ನಡೆದು ಬರುತ್ತಿದ್ದ ನನ್ನ ಗಂಡ.

ದೊರೆ ಅಚ್ಚರಿಯಿಂದ, "ಇದೇನು? ವರ್ಗದ ಅಪ್ಪಣೆಯನ್ನು ನಾನು ಕೊಡಲಿಲ್ಲವಲ್ಲಾ" ಎಂದರು.

ಕುರುಗೋಡಿನ ಹಿರಿಯರಲ್ಲಿ ದೊಡ್ಡವರು ಬಂಡಿಯಿಂದ ಇಳಿದು ಕೈಮುಗಿದರು. "ತಟ್ಟಿ ಕೊಟ್ರಲ್ರಿ ದೊರಿ."

"ಅದು ಸಮಾಧಾನದ ಗುರುತಾಗಿತ್ತು."

"ಹೌದ್ರಿ. ಸಮಾಧಾನ ಆತು. ಅದಕ್ಕ ಹುಡುಗನ್ನ ಕರಕೊಂಡು ಬಂದೀವಿ."

ದೊರೆ ಅಯ್ಯನವರ ಕಡೆ ತಿರುಗಿದರು. ಅಯ್ಯನವರು ಈಗ ಉಳಿದದ್ದನ್ನೆಲ್ಲ ಹೇಳಿದರು. ದೊರೆಯ ಮುಖ ಕೆಂಪಾಯಿತು. ಬೋರ್ಡಿನ ಒಪ್ಪಿಗೆ ಬರದೆ ಉಪದೇಶಿಯನ್ನು ಕದಲಿಸುವಂತಿಲ್ಲ, ಅದು ತಮ್ಮ ಕೈಯಲ್ಲಿಲ್ಲ, ಬಂಡಿ ಹಿಂದಕ್ಕೆ ಹೋಗಬೇಕು ಎಂದರು. ಸೌಮ್ಯವಾಗಿಯೇ ಹೇಳಿದರು. ನಾನು ಸೀಮೆಸುಣ್ಣ ಹಿಡಿದುಕೊಂಡು ಹಾಗೇ ಹೊರಗೆ ಬಂದಿದ್ದೆ. ಇಷ್ಟು ದಿನ ಅತ್ತೆಯ ಬೀಗತನಕ್ಕೆ ನಕ್ಕವಳಿಗೆ ಆಗ ನಗು ಬರಲಿಲ್ಲ. ಆ ಟ್ರಂಕು ತಿರುಗಿ ಹೋದರೆ ಇನ್ನು ಜನ್ಮದಲ್ಲಿ ಬರುವುದಿಲ್ಲ ಎಂದು ಭಯವಾಯಿತು.

ಹಿರಿಯರು ವಾದ ಮಾಡಲಿಲ್ಲ. "ಹೋಗಂದ್ರ ಹೋಗ್ತೀವ್ರಿ. ಊರಾಗ ಕೇಳ್ತಾರ, ದೊರಿ ಕೊಟ್ಟ ತಟ್ಟಿ ತಿರುಗಿ ಇಸಗಂಡ್ರಾ ಅಂತ. ಏನು ಹೇಳೂಣು, ಅದೊಂದು ಹೇಳಿಕೊಡ್ರಿ" ಎಂದರು.

ದೊರೆ ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಪಾಪ, ಅವರ ಇಡೀ ಕೆಲಸವೇ ತಮ್ಮ ಮಾತನ್ನು ಹಳ್ಳಿಯವರು ನಂಬುವುದರ ಮೇಲೆ ನಿಂತಿತ್ತು. ಸ್ವರ್ಗದ ಬಗ್ಗೆ ಮಾತು ಕೊಡುವವರು ಸಿರುಗುಪ್ಪದ ಬಗ್ಗೆ ಮಾತು ತಪ್ಪಿದರೆ ಹೇಗೆ?

ದೊರೆಸಾನಿ ಅಯ್ಯನವರನ್ನು ತೆಲುಗಿನಲ್ಲಿ ಮತ್ತೊಮ್ಮೆ ಕೇಳಿ ತಿಳಿದುಕೊಂಡರು. ಟ್ರಂಕು ನೋಡಿದರು, ಕೋಳಿ ನೋಡಿದರು, ಕೈತುಂಬ ಸೀಮೆಸುಣ್ಣದ ಪುಡಿಯಾಗಿದ್ದ ನನ್ನನ್ನು ನೋಡಿದರು. ಆಮೇಲೆ ಅವರು ನಕ್ಕದ್ದನ್ನು ನಾನು ಮೊದಲ ಸಲ ಕಂಡೆ. "ಇಚ್ಚೇಶಾಮು ಕದಾ" ಎಂದರು. ಕೊಟ್ಟುಬಿಟ್ಟಿದ್ದೇವಲ್ಲ, ಇನ್ನೇನು ಎಂದರ್ಥ. ಅಷ್ಟು ಹೇಳಿ ಕಾವಲುಗಾರನಿಗೆ ಗೇಟು ತೆಗೆಯಲು ಕೈಮಾಡಿದರು.

ಮನೆ ಎಲ್ಲಿ ಕಟ್ಟಬೇಕೆಂಬ ಪ್ರಶ್ನೆ ಬಂತು. ಒಂದು ಬೋರ್ಡಿನ ಜಾಗದಲ್ಲಿ ಕಟ್ಟಿದರೆ ಇನ್ನೊಂದಕ್ಕೆ ಬೇಸರ. ಕೊನೆಗೆ ನಡುವಿನ ಗೋಡೆಯನ್ನು ಬಾವಿಯ ಪಕ್ಕ ಒಡೆದು, ಆ ಸಂದಿನಲ್ಲೇ ಮಣ್ಣಿನ ಮನೆ ಎಬ್ಬಿಸಿದರು. ಪಡಸಾಲೆ ಗಂಡಸರ ಬೋರ್ಡಿನಲ್ಲಿ, ಅಡುಗೆಮನೆ ಹೆಂಗಸರ ಬೋರ್ಡಿನಲ್ಲಿ. ಗೋಡೆ ಹೋದ ಮೇಲೆ ಬಾವಿಗೆ ಹಗ್ಗವೂ ಸಿಕ್ಕಿತು. ಮಾಡು ಹೊದಿಸಿದ ಮೇಲೆ ಸಮುದ್ರದಾಚೆಯಿಂದ ಒಪ್ಪಿಗೆ ಬಂತು. ಎರಡು ಬೋರ್ಡುಗಳು ಕೂಡಿ ಮಾಡಿದ ಮೊದಲ ಕೆಲಸವೆಂದು ಅಲ್ಲಿ ಬಹಳ ಸಂತೋಷಪಟ್ಟಿದ್ದರು, ಪತ್ರಿಕೆಗೆ ಫೋಟೋ ಬೇಕಂತೆ. ಫೋಟೋದಲ್ಲಿ ನಮ್ಮವರನ್ನು ಪಡಸಾಲೆಯ ಕಡೆ, ನನ್ನನ್ನು ಅಡುಗೆಮನೆಯ ಕಡೆ ನಿಲ್ಲಿಸಿದರು. ಅತ್ತೆ ಗಡಿಯ ಮೇಲೆ ಸರಿಯಾಗಿ ಕುರ್ಚಿ ಹಾಕಿಸಿಕೊಂಡು ಕೂತರು. ಯಾವ ಬೋರ್ಡಿನವರು ಎಂದು ಬರೆಯಲಿ ಎಂದು ಫೋಟೋದವನು ಕೇಳಿದ್ದಕ್ಕೆ, "ನಾ ಬೀಗ್ತಿ ಅಂತ ಬರಿ" ಅಂದರು.

ಒಕ್ಕಲಾದ ದಿನ ಕಾವಲುಗಾರ ಬಂದು ಮನೆಯನ್ನು ಸುತ್ತಿ ನೋಡಿದ. ಅಡುಗೆಮನೆ ತನ್ನ ಕಡೆ ಬಂದದ್ದು ಅವನಿಗೆ ಚಿಂತೆ. "ಗಂಟಿ ಆದಮ್ಯಾಲ ನೀರು ಬೇಕಂದ್ರ ಪಡಸಾಲಿಗೆ ತರಿಸಿಗೊಳ್ರಿ ಉಪದೇಶಿಗಳ" ಎಂದು ನಮ್ಮವರಿಗೆ ಹೇಳಿದ. ನಮ್ಮವರು ಆಗಲಿ ಎಂದರು. ಅವರು ಯಾವುದಕ್ಕೂ ಇಲ್ಲ ಅನ್ನುವವರಲ್ಲ.

ಸಂಜೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಅವರು ಎದುರಿಗೆ ಕೂತು ಉಣ್ಣುತ್ತಿದ್ದರು. ಅತ್ತೆ ಕೋಳಿಗೆ ಬುಟ್ಟಿ ಕವಿಚಲು ಹೊರಗೆ ಹೋಗಿದ್ದರು. ಗಂಟೆಯಾಯಿತು. ಅವರು ತುತ್ತು ಬಿಟ್ಟು, ಮೊಣಕಾಲ ಮೇಲಿದ್ದ ಟೋಪಿ ಎಡಗೈಯಲ್ಲಿ ಹಿಡಿದು ಎದ್ದರು, ಕೈ ತೊಳೆದರು, ಟೋಪಿ ತಲೆಗೆ ಹಾಕಿಕೊಂಡು ಬಾಗಿಲಿಗೆ ಹೋದರು. ಅಲ್ಲಿ ನಿಂತರು. ಎಲ್ಲಿಗೆ ಹೋಗಬೇಕೆಂದು ಅವರಿಗೇ ತಿಳಿಯಲಿಲ್ಲ. ಗೇಟಿನ ಹತ್ತಿರ ಕಾವಲುಗಾರ ಕಂದೀಲು ಎತ್ತಿ ಈ ಕಡೆ ನೋಡಿದ, ನೋಡಿ ಬೆನ್ನು ತಿರುಗಿಸಿದ.

ಅವರು ಹಾಗೆ ನಿಂತದ್ದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಅವರ ತಲೆಯ ಮೇಲಿನ ಟೋಪಿ ತೆಗೆದು ಗೂಟಕ್ಕೆ ಹಾಕಿದೆ.

"ರೊಟ್ಟಿ ಆರತೈತಿ, ಕುಂದರ್ರಿ" ಅಂದೆ.

ಅವರು ಕೂತರು.